ಪಕ್ಕದ ಕಂಪನಿಯ ಲಾಗಿನ್ ಅನ್ನು ನಂಬುವುದು ಹೇಗೆ?

ಬೆಂಗಳೂರಿನ ಐಟಿ ಸರ್ವಿಸಸ್ ಕಂಪನಿಗಳಲ್ಲಿ ಇರುವವರಿಗೆ ಈ ಪಾಡು ಚೆನ್ನಾಗಿ ಗೊತ್ತು. ಸಂಬಳ ಕೊಡುವುದು ಒಂದು ಕಂಪನಿ, ಕೆಲಸ ಮಾಡುವುದು ಇನ್ನೊಂದಕ್ಕೆ. ಟೈಮ್‌ಶೀಟ್ ತುಂಬಲು, ರಜೆ ಹಾಕಲು ಸ್ವಂತ ಕಂಪನಿಯ ಐಡಿ. ಕ್ಲೈಂಟ್‌ನ ಟೀಮ್ಸ್ ಚಾನೆಲ್, ಜಿರಾ ಟಿಕೆಟ್, ಕೋಡ್ ನೋಡಲು ಕ್ಲೈಂಟ್ ಕೊಟ್ಟ ಇನ್ನೊಂದು ಐಡಿ. ಎರಡಕ್ಕೂ ಬೇರೆ ಪಾಸ್‌ವರ್ಡ್, ಬೇರೆ ಒಟಿಪಿ. ಕ್ಲೈಂಟ್ ಪಾಸ್‌ವರ್ಡ್ ಎಕ್ಸ್‌ಪೈರ್ ಆಯಿತೋ, ಅವರ ಹೆಲ್ಪ್‌ಡೆಸ್ಕ್ ತೆರೆಯುವವರೆಗೆ ಕಾಯಬೇಕು. ಅದು ಅಮೆರಿಕದಲ್ಲಿದ್ದರೆ ಆ ದಿನದ ಕೆಲಸ ಸಂಜೆ ಶುರು.

ನಮ್ಮ ಕಂಪನಿಯ ಲಾಗಿನ್‌ನಲ್ಲೇ ಕ್ಲೈಂಟ್‌ನ ಸಿಸ್ಟಂ ಒಳಗೂ ಹೋಗುವಂತಿದ್ದರೆ ಎಷ್ಟು ಸಲೀಸು, ಅಲ್ವಾ? ಅದಕ್ಕೆ ದಾರಿ ಇದೆ. ಐಡೆಂಟಿಟಿ ಫೆಡರೇಶನ್ ಎಂದು ಅದರ ಹೆಸರು. ಅದರ ತಂತ್ರಜ್ಞಾನ ಇಪ್ಪತ್ತು ವರ್ಷಕ್ಕಿಂತ ಹಳೆಯದು, ಲಾಗಿನ್ ಆಗುವ ಹಾಗೆ ಜೋಡಿಸುವುದು ಅರ್ಧ ದಿನದ ಕೆಲಸ. ತಲೆನೋವು ಬೇರೆ ಕಡೆ ಇದೆ. ಹೊರಗಿನವರು ಒಬ್ಬರ ಬಗ್ಗೆ ಹೇಳಿದ ಮಾತನ್ನು ನಾವು ಒಪ್ಪುತ್ತೇವಲ್ಲ, ಆ ಮಾತು ನಿಜವಾಗಿ ಯಾರದ್ದು ಎಂದು ಪ್ರತಿಸಲವೂ ನೋಡುತ್ತೇವಾ? ಈ ಕ್ಷೇತ್ರದಲ್ಲಿ ಇತ್ತೀಚೆಗೆ ಸುದ್ದಿಯಾದ ಹಲವು ದೊಡ್ಡ ಎಡವಟ್ಟುಗಳ ಬೇರು ಹುಡುಕಿದರೆ ಇದೇ ಪ್ರಶ್ನೆಗೆ ಬಂದು ನಿಲ್ಲುತ್ತೇವೆ.

ಮೊದಲು ಒಂದೇ ಕಂಪನಿಯ ಒಳಗೆ ನಡೆಯುವುದನ್ನು ನೋಡೋಣ.

ಕಂಪನಿಯಲ್ಲಿ ಐವತ್ತು ಅಪ್ಲಿಕೇಶನ್‌ಗಳಿವೆ ಎಂದುಕೊಳ್ಳಿ. ಪ್ರತಿಯೊಂದೂ ನಿಮ್ಮ ಪಾಸ್‌ವರ್ಡ್ ಇಟ್ಟುಕೊಂಡರೆ ಐವತ್ತು ಕಡೆ ಕಳುವಾಗುವ ಅವಕಾಶ. ಅದಕ್ಕೇ ಪಾಸ್‌ವರ್ಡ್ ನೋಡುವ ಕೆಲಸವನ್ನು ಒಂದೇ ಕಡೆಗೆ ವಹಿಸುತ್ತಾರೆ. ಆ ಕಡೆಯೇ ಐಡೆಂಟಿಟಿ ಪ್ರೊವೈಡರ್, ಆಫೀಸಿನ ಮಾತಿನಲ್ಲಿ ಐಡಿಪಿ. ಮೈಕ್ರೋಸಾಫ್ಟ್ ಎಂಟ್ರಾ ಐಡಿ, ಒಕ್ಟಾ, ಗೂಗಲ್ ವರ್ಕ್‌ಸ್ಪೇಸ್ ಎಲ್ಲ ಈ ಕೆಲಸ ಮಾಡುತ್ತವೆ. ನೀವು ಯಾವುದೋ ಆ್ಯಪ್ ತೆರೆಯುತ್ತೀರಿ. ಅದು ನಿಮ್ಮ ಬ್ರೌಸರನ್ನು ಐಡಿಪಿ ಕಡೆಗೆ ಕಳಿಸುತ್ತದೆ. ಅಲ್ಲಿ ಪಾಸ್‌ವರ್ಡ್, ಒಟಿಪಿ ಎಲ್ಲ ಆಗುತ್ತದೆ. ಐಡಿಪಿ ಒಂದು ಟೋಕನ್ ಬರೆದು, ಡಿಜಿಟಲ್ ಸಹಿ ಹಾಕಿ, ಆ್ಯಪ್‌ಗೆ ತಲುಪಿಸುತ್ತದೆ. ಆ್ಯಪ್ ಸಹಿ ನೋಡಿ ಒಳಗೆ ಬಿಡುತ್ತದೆ. ನಿಮ್ಮ ಪಾಸ್‌ವರ್ಡ್ ಏನೆಂದು ಅದಕ್ಕೆ ಕೊನೆಯವರೆಗೂ ಗೊತ್ತಾಗುವುದಿಲ್ಲ. ಹತ್ತು ನಿಮಿಷ ಬಿಟ್ಟು ಎರಡನೇ ಆ್ಯಪ್ ತೆರೆದರೆ ಅದೂ ಐಡಿಪಿ ಕಡೆಗೇ ಕಳಿಸುತ್ತದೆ. ಆದರೆ ನೀವು ಆಗಲೇ ಲಾಗಿನ್ ಆಗಿರುವುದು ಐಡಿಪಿಗೆ ಬ್ರೌಸರಿನ ಕುಕಿಯಿಂದ ತಿಳಿಯುತ್ತದೆ. ಏನೂ ಕೇಳದೆ ಹೊಸ ಟೋಕನ್ ಕೊಡುತ್ತದೆ. ಸಿಂಗಲ್ ಸೈನ್-ಆನ್ ಅಂದರೆ ಇಷ್ಟೇ.

ಟೋಕನ್ ಒಳಗೆ ಏನಿರುತ್ತದೆ ಎನ್ನುವುದೇ ಮುಂದಿನ ಕಥೆಗೆಲ್ಲ ಮೂಲ. ನಾಡಕಚೇರಿಯಿಂದ ತಂದ ಜಾತಿ-ಆದಾಯ ಪ್ರಮಾಣಪತ್ರವನ್ನು ಕಾಲೇಜಿನವರು ಹೇಗೆ ನೋಡುತ್ತಾರೆ ನೆನಪು ಮಾಡಿಕೊಳ್ಳಿ. ಅವರು ನಿಮ್ಮ ಮನೆಗೆ ಬಂದು ಆದಾಯ ಲೆಕ್ಕ ಹಾಕುವುದಿಲ್ಲ. ಕೊಟ್ಟವರು ಯಾರು, ಹೆಸರು ಈ ಹುಡುಗನದ್ದೇನಾ, ಅವಧಿ ಮುಗಿದಿದೆಯಾ, ಆರ್‌ಡಿ ನಂಬರ್ ಹಾಕಿದರೆ ವೆಬ್‌ಸೈಟಿನಲ್ಲಿ ಸಿಗುತ್ತದಾ, ಇಷ್ಟು ನೋಡಿ ಫೈಲಿಗೆ ಸೇರಿಸುತ್ತಾರೆ. ಟೋಕನ್‌ನಲ್ಲೂ ಇವೇ ಇರುತ್ತವೆ. ಕೊಟ್ಟವರು ಇಶ್ಯೂಯರ್. ಯಾರ ಬಗ್ಗೆ ಹೇಳಿದ್ದು ಎನ್ನುವುದು ಸಬ್ಜೆಕ್ಟ್. ಯಾವ ಆ್ಯಪ್‌ಗೆಂದು ಬರೆದದ್ದು ಎನ್ನುವುದು ಆಡಿಯನ್ಸ್. ಅವಧಿ ಇರುತ್ತದೆ, ಸಹಿ ಇರುತ್ತದೆ. ಇವುಗಳಲ್ಲಿ ಒಂದನ್ನು ನೋಡದೆ ಬಿಟ್ಟರೂ ಬಾಗಿಲು ತೆರೆದಿಟ್ಟ ಹಾಗೆಯೇ.

ಇದನ್ನು ಬರೆಯುವ ರೀತಿ ಎರಡು. ಸ್ಯಾಮಲ್ ಹಳೆಯದು. ಅದರ 2.0 ಆವೃತ್ತಿ 2005ರಲ್ಲಿ ಬಂತು, ಎಕ್ಸ್ಎಂಎಲ್ ಎಂಬ ಬರವಣಿಗೆ ವಿಧಾನದಲ್ಲಿ ಬರೆಯುತ್ತದೆ. ಓಪನ್‌ಐಡಿ ಕನೆಕ್ಟ್ 2014ರದ್ದು, ಒಆಥ್ 2.0 ಎಂಬ ಅನುಮತಿ ಕೊಡುವ ಮಾನದಂಡದ ಮೇಲೆ ಕಟ್ಟಿದ್ದು, ಜೇಸನ್ ಎಂಬ ಸರಳ ಬರವಣಿಗೆ ವಿಧಾನ ಬಳಸುತ್ತದೆ. ಹೊಸ ಆ್ಯಪ್ ಬರೆಯುವವರು ಸುಮ್ನೆ ಎರಡನೆಯದನ್ನು ಆರಿಸಿಕೊಳ್ಳಲಿ ಎನ್ನುವುದು ನನ್ನ ಅಭಿಪ್ರಾಯ. ಎಕ್ಸ್ಎಂಎಲ್‌ಗೆ ಹಾಕಿದ ಸಹಿಯನ್ನು ಸರಿಯಾಗಿ ಪರೀಕ್ಷಿಸುವುದು ನೋಡಿದಷ್ಟು ಸುಲಭವಲ್ಲ. 2012ರಲ್ಲಿ ಜರ್ಮನಿಯ ಸಂಶೋಧಕರು ಸ್ಯಾಮಲ್ ಬಳಸುವ 14 ಸಾಫ್ಟ್‌ವೇರ್‌ಗಳನ್ನು ಪರೀಕ್ಷಿಸಿದಾಗ 11ರಲ್ಲಿ ಸಹಿಯ ಕಣ್ಣು ತಪ್ಪಿಸಿ ಬೇರೆಯವರ ಹೆಸರಿನಲ್ಲಿ ಒಳಗೆ ಹೋಗಲು ಸಾಧ್ಯವಾಗಿತ್ತು. ಹಾಗಂತ ಸ್ಯಾಮಲ್ ಎಲ್ಲೂ ಹೋಗುವುದಿಲ್ಲ. ದೊಡ್ಡ ಕಂಪನಿಗಳ ಅರ್ಧ ಜಗತ್ತು ಇನ್ನೂ ಅದರ ಮೇಲೇ ನಿಂತಿದೆ.

ವಿಶ್ವವಿದ್ಯಾಲಯಗಳು ಮೊದಲು ದಾರಿ ಮಾಡಿದವು

ಬೇರೆ ಬೇರೆ ಸಂಸ್ಥೆಗಳ ನಡುವೆ ಲಾಗಿನ್ ಹಂಚಿಕೊಳ್ಳುವ ಕಷ್ಟವನ್ನು ಕಂಪನಿಗಳಿಗಿಂತ ಮೊದಲೇ ದೊಡ್ಡ ಮಟ್ಟದಲ್ಲಿ ಎದುರಿಸಿದ್ದು ವಿಶ್ವವಿದ್ಯಾಲಯಗಳು. ಜರ್ನಲ್‌ಗೆ ಚಂದಾ ಕಟ್ಟುವುದು ವಿಶ್ವವಿದ್ಯಾಲಯ. ಓದುವುದು ವಿದ್ಯಾರ್ಥಿ, ಅದೂ ಹಾಸ್ಟೆಲಿನಿಂದಲೋ ಊರಿನಿಂದಲೋ. ಜರ್ನಲ್ ಪ್ರಕಟಿಸುವವರಿಗೆ ಆ ವಿದ್ಯಾರ್ಥಿ ಯಾರೆಂದು ಗೊತ್ತಿರುವುದಿಲ್ಲ. ಇದಕ್ಕಾಗಿ ಅಮೆರಿಕದ ಇಂಟರ್‌ನೆಟ್2 ಸಂಸ್ಥೆಯ ಯೋಜನೆಯಲ್ಲಿ ಶಿಬ್ಬೊಲೆತ್ ಎಂಬ ಸಾಫ್ಟ್‌ವೇರ್ ಹುಟ್ಟಿತು. 2003ರಲ್ಲಿ ಅದರ ಮೊದಲ ಆವೃತ್ತಿ ಬಂತು. ನಮ್ಮ ದೇಶದಲ್ಲಿ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಇನ್‌ಫೆಡ್ ಇದೇ ಮಾದರಿಯದ್ದು. ಜರ್ನಲ್ ವೆಬ್‌ಸೈಟಿನಲ್ಲಿ ಸಂಸ್ಥೆಯ ಮೂಲಕ ಲಾಗಿನ್ ಆಗುವ ಲಿಂಕ್ ಒತ್ತಿದರೆ ವಿಶ್ವವಿದ್ಯಾಲಯಗಳ ಪಟ್ಟಿ ಬರುತ್ತದಲ್ಲ, ಅದರ ಹಿಂದೆ ಇರುವುದು ಇಂಥ ಫೆಡರೇಶನ್. ಇಂಥ ದೇಶವಾರು ಫೆಡರೇಶನ್‌ಗಳನ್ನು ಮತ್ತೆ ಒಟ್ಟಿಗೆ ಹೆಣೆಯುವ ಎಡುಗೇನ್ 2011ರಲ್ಲಿ ಶುರುವಾಯಿತು.

ಇಲ್ಲಿ ನನಗೆ ತುಂಬ ಇಷ್ಟವಾಗುವ ಸಂಗತಿ ಒಂದಿದೆ. ವಿಶ್ವವಿದ್ಯಾಲಯವು ವಿದ್ಯಾರ್ಥಿಯ ಹೆಸರನ್ನೇ ಹೇಳಬೇಕಾಗಿಲ್ಲ. ‘ಇವರು ನಮ್ಮಲ್ಲಿ ವಿದ್ಯಾರ್ಥಿ’ ಎಂದಷ್ಟೇ ಟೋಕನ್‌ನಲ್ಲಿ ಬರೆದರೆ ಜರ್ನಲ್‌ಗೆ ಸಾಕು. ಬೇಕಿದ್ದರೆ ಜೊತೆಗೆ ಒಂದು ಗುಪ್ತ ಗುರುತು. ಅದು ಪ್ರತಿ ಪ್ರಕಾಶಕರಿಗೂ ಬೇರೆ ಬೇರೆ ಇರುವಂತೆ ಮಾಡಬಹುದು, ಹಾಗಾಗಿ ಇಬ್ಬರು ಪ್ರಕಾಶಕರು ಕೂಡಿ ಕುಳಿತರೂ ಯಾರು ಏನು ಓದಿದರು ಎಂದು ತಾಳೆ ಹಾಕುವುದು ಕಷ್ಟ. ಕಂಪನಿಗಳು ಮಾತ್ರ ಈ ಸಂಯಮವನ್ನು ಕಲಿಯಲಿಲ್ಲ. ಅಲ್ಲಿ ಟೋಕನ್‌ನಲ್ಲಿ ಹೆಸರು, ಇಮೇಲ್, ಗ್ರೂಪುಗಳ ಪಟ್ಟಿ ಎಲ್ಲ ತುಂಬಿ ಕಳಿಸುವುದೇ ರೂಢಿ.

ಇನ್ನೊಂದು ವ್ಯತ್ಯಾಸವೂ ಇದೆ. ವಿಶ್ವವಿದ್ಯಾಲಯಗಳ ಫೆಡರೇಶನ್‌ಗೆ ಸಾಮಾನ್ಯ ನಿಯಮ ಇರುತ್ತದೆ, ಸದಸ್ಯರ ಪಟ್ಟಿಯನ್ನು ಒಬ್ಬರು ನಿಭಾಯಿಸುತ್ತಾರೆ. ಕಂಪನಿಗಳ ನಡುವೆ ಅಂಥ ಮಧ್ಯಸ್ಥರು ಇಲ್ಲ. ಇಬ್ಬಿಬ್ಬರು ಕೂತು ಪ್ರತ್ಯೇಕವಾಗಿ ಒಪ್ಪಂದ ಮಾಡಿಕೊಳ್ಳಬೇಕು. ನಲವತ್ತು ಕ್ಲೈಂಟ್ ಇದ್ದರೆ ನಲವತ್ತು ಒಪ್ಪಂದ, ನಲವತ್ತು ಸಹಿ ಸರ್ಟಿಫಿಕೇಟು. ಅವುಗಳಲ್ಲಿ ಒಂದು ಎಕ್ಸ್‌ಪೈರ್ ಆಗಿ ಎಲ್ಲರ ಲಾಗಿನ್ ನಿಂತುಹೋಗುವುದು ರಿಲೀಸ್ ಇರುವ ರಾತ್ರಿಯೇ ಎನ್ನುವುದು ಅಡ್ಮಿನ್‌ಗಳ ಹಳೇ ಗೋಳು.

ಎರಡು ಟೆನೆಂಟ್, ಒಬ್ಬ ಗೆಸ್ಟ್

ಕ್ಲೌಡ್ ಬಂದ ಮೇಲೆ ಈ ಜೋಡಣೆಯ ಕೆಲಸ ಕಡಿಮೆಯಾಯಿತು. ಎಂಟ್ರಾ ಐಡಿಯ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ. 2023ರವರೆಗೆ ಅಜ್ಯೂರ್ ಎಡಿ ಎನ್ನುತ್ತಿದ್ದರಲ್ಲ, ಅದೇ ಇದು. ಇಲ್ಲಿ ಪ್ರತಿ ಸಂಸ್ಥೆಗೂ ಒಂದು ಟೆನೆಂಟ್. ಅಂದರೆ ಅವರ ಬಳಕೆದಾರರು, ಗ್ರೂಪುಗಳು, ಆ್ಯಪ್‌ಗಳು, ನಿಯಮಗಳು ಎಲ್ಲ ಇರುವ ಪ್ರತ್ಯೇಕ ಡೈರೆಕ್ಟರಿ. ಎರಡು ಟೆನೆಂಟ್‌ಗಳು ಮೈಕ್ರೋಸಾಫ್ಟ್‌ನ ಒಂದೇ ಡೇಟಾಸೆಂಟರಿನಲ್ಲಿ ಇರಬಹುದು. ಆದರೂ ಒಂದರ ಜನ ಇನ್ನೊಂದಕ್ಕೆ ಅಪರಿಚಿತರೇ. ಹಾಗೆ ಇರಲೇಬೇಕು, ಇಡೀ ವ್ಯವಸ್ಥೆ ನಿಂತಿರುವುದೇ ಆ ಗೋಡೆಯ ಮೇಲೆ.

ಕ್ಲೈಂಟ್ ನಿಮ್ಮನ್ನು ಒಳಗೆ ಕರೆಯಬೇಕಾದರೆ ಒಂದು ಆಹ್ವಾನ ಕಳಿಸುತ್ತಾರೆ. ಅವರ ಟೆನೆಂಟ್‌ನಲ್ಲಿ ನಿಮ್ಮ ಹೆಸರಿನ ಗೆಸ್ಟ್ ಖಾತೆ ಹುಟ್ಟುತ್ತದೆ. ಅದರ ಯೂಸರ್‌ನೇಮ್ ನೋಡಿದರೆ ನಿಮ್ಮ ಇಮೇಲ್‌ನ ಹಿಂದೆ #ಇಎಕ್ಸ್‌ಟಿ# ಎಂಬ ವಿಚಿತ್ರ ಬಾಲ, ಅದರ ಹಿಂದೆ ಕ್ಲೈಂಟ್‌ನ ಡೊಮೇನ್, ಅಂದರೆ ಇಮೇಲ್‌ನಲ್ಲಿ @ ನಂತರ ಬರುವ ಹೆಸರು. ಈ ಖಾತೆಯಲ್ಲಿ ಪಾಸ್‌ವರ್ಡ್ ಇರುವುದಿಲ್ಲ. ನೀವು ಕ್ಲೈಂಟ್‌ನ ಫೈಲುಗಳಿರುವ ಶೇರ್‌ಪಾಯಿಂಟ್ ತೆರೆದಾಗ ಅವರ ಟೆನೆಂಟ್ ‘ಇವರು ಹೊರಗಿನವರು’ ಎಂದು ಗುರುತಿಸಿ ಬ್ರೌಸರನ್ನು ನಿಮ್ಮ ಕಂಪನಿಯ ಟೆನೆಂಟ್‌ಗೆ ಕಳಿಸುತ್ತದೆ. ಅಲ್ಲಿ ಲಾಗಿನ್ ಆಗಿ ವಾಪಸ್ ಬಂದ ಮೇಲೆ ಕ್ಲೈಂಟ್ ಟೆನೆಂಟ್ ತನ್ನದೇ ಟೋಕನ್ ಬರೆದು ಶೇರ್‌ಪಾಯಿಂಟ್‌ಗೆ ಕೊಡುತ್ತದೆ.

ಈ ಕೊನೆಯ ಹೆಜ್ಜೆಯನ್ನು ತುಂಬ ಜನ ಗಮನಿಸುವುದಿಲ್ಲ. ಕ್ಲೈಂಟ್‌ನ ಆ್ಯಪ್‌ಗಳು ನಿಮ್ಮ ಕಂಪನಿಯನ್ನು ನಂಬುತ್ತಿಲ್ಲ. ಅವು ನಂಬುವುದು ತಮ್ಮ ಟೆನೆಂಟನ್ನು ಮಾತ್ರ. ನಿಮ್ಮ ಕಂಪನಿಯನ್ನು ನಂಬುವ ಜವಾಬ್ದಾರಿ ಹೊತ್ತಿರುವುದು ಆ ಟೆನೆಂಟ್ ಒಂದೇ. ಹೀಗಾಗಿ ನಿಯಮ ಹಾಕುವ ಜಾಗವೂ ಒಂದೇ ಆಗುತ್ತದೆ. ಯಾವ ಕಂಪನಿಯವರಿಗೆ ಬಾಗಿಲು, ಯಾವ ಆ್ಯಪ್‌ಗೆ ಮಾತ್ರ, ಎರಡನೇ ಪರೀಕ್ಷೆ ಬೇಕಾ ಎಂಬುದೆಲ್ಲ ಅಲ್ಲೇ ತೀರ್ಮಾನ.

ಎರಡನೇ ಪರೀಕ್ಷೆ ಎಂದೆನಲ್ಲ, ಅಂದರೆ ಎಂಎಫ್ಎ, ಪಾಸ್‌ವರ್ಡ್ ಆದ ಮೇಲೆ ಕೇಳುವ ಇನ್ನೊಂದು ಖಾತ್ರಿ. ನಿಮ್ಮ ಫೋನಿನ ಅಥೆಂಟಿಕೇಟರ್ ಆ್ಯಪ್‌ನಲ್ಲಿ ಒಂದೇ ಇಮೇಲ್‌ನ ಕೆಳಗೆ ಮೂರ್ನಾಲ್ಕು ಕಂಪನಿಗಳ ಸಾಲು ಇದ್ದರೆ ಅದಕ್ಕೆ ಕಾರಣ ಇಲ್ಲಿದೆ. ನಿಮ್ಮ ಕಂಪನಿಯಲ್ಲಿ ನೀವು ಆಗಲೇ ಫೋನಿನಲ್ಲಿ ಒಪ್ಪಿಗೆ ಒತ್ತಿ ಬಂದಿದ್ದರೂ ಕ್ಲೈಂಟ್ ಟೆನೆಂಟ್ ಮೊದಲಿಗೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತನ್ನದನ್ನೇ ಮತ್ತೆ ಕೇಳುತ್ತದೆ. ಕ್ರಾಸ್-ಟೆನೆಂಟ್ ಆಕ್ಸೆಸ್ ಸೆಟ್ಟಿಂಗ್ಸ್‌ಗೆ ಹೋಗಿ ‘ಈ ಕಂಪನಿಯಲ್ಲಿ ಮಾಡಿದ ಎಂಎಫ್ಎಯನ್ನು ಒಪ್ಪುತ್ತೇವೆ’ ಎಂದು ಕ್ಲೈಂಟ್‌ನ ಅಡ್ಮಿನ್ ಟಿಕ್ ಹಾಕಿದರೆ ಈ ಕಾಟ ತಪ್ಪುತ್ತದೆ. ಲ್ಯಾಪ್‌ಟಾಪ್ ಕಂಪನಿಯ ನಿಯಮದಂತೆ ಇದೆಯಾ ಎಂಬ ಮಾಹಿತಿಯನ್ನೂ ಹೀಗೇ ಒಪ್ಪಬಹುದು. ಆದರೆ ಆ ಟಿಕ್ ಸಣ್ಣದಲ್ಲ. ಹಾಕಿದ ದಿನದಿಂದ ನಿಮ್ಮ ಕಂಪನಿಯ ಭದ್ರತೆ ಎಷ್ಟು ಗಟ್ಟಿಯೋ ಕ್ಲೈಂಟ್‌ನದ್ದೂ ಆ ಬಾಗಿಲಿನಲ್ಲಿ ಅಷ್ಟೇ ಗಟ್ಟಿ. ಬ್ಯಾಂಕುಗಳು ಅಷ್ಟು ಸುಲಭಕ್ಕೆ ಇದಕ್ಕೆ ಒಪ್ಪದಿರುವುದು ಬರೀ ಹಟದಿಂದಲ್ಲ.

ಹೊಸ ಟೆನೆಂಟ್‌ಗಳಲ್ಲಿ ಮೊದಲೇ ಇರುವ ಸೆಟ್ಟಿಂಗ್ ಇದಕ್ಕೆ ತೀರ ಉಲ್ಟಾ, ಬಲು ಉದಾರ. ಬದಲಾಯಿಸದೆ ಬಿಟ್ಟರೆ ಸಂಸ್ಥೆಯ ಯಾರು ಬೇಕಾದರೂ ಗೆಸ್ಟ್‌ಗಳನ್ನು ಕರೆಯಬಹುದು. ಗೆಸ್ಟ್ ಕೂಡ ಇನ್ನೊಬ್ಬ ಗೆಸ್ಟನ್ನು ಕರೆಯಬಹುದು! ಇದನ್ನು ಮೊದಲ ದಿನವೇ ಬಿಗಿ ಮಾಡಬೇಕು.

ಕಂಪನಿ ಕಂಪನಿಯನ್ನು ಕೊಂಡಾಗ ಬರುವ ಫಜೀತಿ ಬೇರೆ. ಒಂದೇ ಗುಂಪಿನಲ್ಲಿ ನಾಲ್ಕು ಟೆನೆಂಟ್ ಉಳಿದುಹೋಗುತ್ತವೆ. ಸಾವಿರಾರು ಜನರಿಗೆ ಒಬ್ಬೊಬ್ಬರಾಗಿ ಆಹ್ವಾನ ಕಳಿಸಲು ಆಗುವುದಿಲ್ಲ. ಅದಕ್ಕೆ 2023ರಲ್ಲಿ ಮೈಕ್ರೋಸಾಫ್ಟ್ ಕ್ರಾಸ್-ಟೆನೆಂಟ್ ಸಿಂಕ್ರೊನೈಸೇಶನ್ ತಂದಿತು. ಒಂದು ಟೆನೆಂಟ್‌ನ ಜನ ಇನ್ನೊಂದರಲ್ಲಿ ತಾವಾಗಿಯೇ ಮೂಡುತ್ತಾರೆ, ಅಲ್ಲಿ ಅಳಿಸಿದರೆ ಇಲ್ಲೂ ಹೋಗುತ್ತಾರೆ. ಬೇರೆ ಬೇರೆ ಕಂಪನಿಯ ಉತ್ಪನ್ನಗಳ ನಡುವೆ ಇದೇ ಕೆಲಸಕ್ಕೆ ಸ್ಕಿಮ್ ಎಂಬ ಮಾನದಂಡ ಇದೆ, ಅದರ 2.0 ಆವೃತ್ತಿ 2015ರದ್ದು.

ಇಮೇಲ್ ನೋಡಿ ಮೋಸ ಹೋಗುವುದು

ಟೋಕನ್ ಬಂತು, ಸಹಿ ಸರಿ ಇದೆ. ಈಗ ಆ್ಯಪ್ ‘ಇವರು ನಮ್ಮಲ್ಲಿ ಯಾರು’ ಎಂದು ತನ್ನ ಡೇಟಾಬೇಸ್‌ನಲ್ಲಿ ಹುಡುಕಬೇಕು. ಯಾವುದನ್ನು ಹಿಡಿದು ಹುಡುಕುವುದು? ಡೆವಲಪರ್ ಕೈ ತಾನಾಗಿ ಇಮೇಲ್ ಕಡೆ ಹೋಗುತ್ತದೆ. ಓದಲು ಸುಲಭ, ಎಲ್ಲರಿಗೂ ಒಂದಿರುತ್ತದೆ.

2023ರ ಜೂನ್‌ನಲ್ಲಿ ಡಿಸ್ಕೋಪ್ ಎಂಬ ಕಂಪನಿ ಇದರ ಅಪಾಯವನ್ನು ಬಯಲು ಮಾಡಿತು. ಈ ದೋಷಕ್ಕೆ ಅವರಿಟ್ಟ ಹೆಸರು ಎನ್‌ಒಆಥ್. ಆಟ ಸರಳ. ಯಾರು ಬೇಕಾದರೂ ತಮ್ಮದೊಂದು ಟೆನೆಂಟ್ ತೆರೆಯಬಹುದು. ಅದಕ್ಕೆ ಅವರೇ ಅಡ್ಮಿನ್. ಅಲ್ಲಿ ಒಬ್ಬ ಬಳಕೆದಾರನನ್ನು ಸೃಷ್ಟಿಸಿ ಅವನ ಇಮೇಲ್ ಜಾಗದಲ್ಲಿ ನಿಮ್ಮ ವಿಳಾಸ ಬರೆದರು. ಆ ವಿಳಾಸ ಅವರದ್ದೇನಾ ಎಂದು ಆಗ ಯಾರೂ ಕೇಳುತ್ತಿರಲಿಲ್ಲ. ಆಮೇಲೆ ಮೈಕ್ರೋಸಾಫ್ಟ್ ಲಾಗಿನ್ ಇರುವ ಯಾವುದೋ ಆ್ಯಪ್‌ಗೆ ಹೋದರು. ಟೋಕನ್ ಅಸಲಿ, ಸಹಿ ಮೈಕ್ರೋಸಾಫ್ಟ್‌ನದ್ದೇ. ಆ್ಯಪ್ ಇಮೇಲ್ ನೋಡಿತು, ನಿಮ್ಮ ಖಾತೆ ತೆರೆದು ಅವರ ಕೈಗೆ ಕೊಟ್ಟಿತು. ಹಾಗಾದರೆ ಏನನ್ನು ನೋಡಬೇಕಿತ್ತು? ಟೆನೆಂಟ್ ಐಡಿ ಮತ್ತು ಆ ಟೆನೆಂಟ್‌ನೊಳಗೆ ಬಳಕೆದಾರನಿಗೆ ಕೊಟ್ಟ ಆಬ್ಜೆಕ್ಟ್ ಐಡಿ, ಎರಡನ್ನೂ ಒಟ್ಟಿಗೆ. ಅಥವಾ ಇಶ್ಯೂಯರ್ ಮತ್ತು ಸಬ್ಜೆಕ್ಟ್, ಒಟ್ಟಿಗೆ. ಓದಲು ಬಾರದ ಉದ್ದನೆಯ ಅಕ್ಷರಮಾಲೆ ನಿಜ. ಆದರೆ ಬೇರೆ ಟೆನೆಂಟ್‌ನ ಅಡ್ಮಿನ್ ಅದನ್ನು ತನಗೆ ಬೇಕಾದ ಹಾಗೆ ಬರೆದುಕೊಳ್ಳಲು ಆಗುವುದಿಲ್ಲ.

ಇಮೇಲ್‌ನ ಇನ್ನೊಂದು ತೊಂದರೆ ಅದರ ಡೊಮೇನ್ ಕೈ ಬದಲಾಯಿಸುತ್ತದೆ ಎನ್ನುವುದು. 2025ರ ಜನವರಿಯಲ್ಲಿ ಟ್ರಫಲ್ ಸೆಕ್ಯುರಿಟಿ ಎಂಬ ಕಂಪನಿ ತೋರಿಸಿದ್ದು ಇದನ್ನೇ. ಮುಚ್ಚಿಹೋದ ಸ್ಟಾರ್ಟಪ್ ಒಂದರ ಡೊಮೇನ್ ಮಾರಾಟಕ್ಕಿರುತ್ತದೆ. ಅದನ್ನು ಕೊಂಡು, ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಹಳೇ ನೌಕರರ ಇಮೇಲ್‌ಗಳನ್ನೇ ಮತ್ತೆ ಸೃಷ್ಟಿಸಿದರೆ, ಆ ಸ್ಟಾರ್ಟಪ್ ಬಳಸುತ್ತಿದ್ದ ಚಾಟ್, ಎಚ್‌ಆರ್ ಸೇವೆಗಳಿಗೆ ‘ಗೂಗಲ್ ಮೂಲಕ ಲಾಗಿನ್’ ಆಗಬಹುದಿತ್ತು. ಎಚ್‌ಆರ್ ಸೇವೆ ಎಂದರೆ ಒಳಗೆ ಸಂಬಳದ ವಿವರ, ತೆರಿಗೆ ಕಾಗದ. ಸ್ಟಾರ್ಟಪ್ ಮುಚ್ಚುವ ದಿನ ಆಫೀಸಿನ ಕುರ್ಚಿ ಮಾರುವ ನೆನಪಿರುತ್ತದೆ, ಇಂಥ ಖಾತೆಗಳನ್ನು ಅಳಿಸುವ ನೆನಪು ಯಾರಿಗಿರುತ್ತದೆ?

ಸಹಿ ಸರಿಯಿದ್ದೂ ಸುಳ್ಳು

ಐಡಿಪಿ ಸಹಿ ಹಾಕಲು ಬಳಸುವ ಗುಪ್ತ ಕೀ ಕಳುವಾದರೆ ಮಾತ್ರ ಅಪಾಯ ಎಂದುಕೊಳ್ಳಬೇಡಿ. ಅದೂ ಆಗಿದೆ. 2020ರ ಡಿಸೆಂಬರ್‌ನಲ್ಲಿ ಹೊರಬಿದ್ದ, ಸೋಲಾರ್‌ವಿಂಡ್ಸ್ ಎಂಬ ಸಾಫ್ಟ್‌ವೇರ್ ಕಂಪನಿಯ ಮೂಲಕ ನಡೆದ ದಾಳಿಯಲ್ಲಿ ಕಳ್ಳರು ಸಂಸ್ಥೆಗಳ ಫೆಡರೇಶನ್ ಸರ್ವರಿನಿಂದ ಸಹಿ ಕೀಯನ್ನೇ ಎತ್ತಿಕೊಂಡು, ತಾವೇ ಸ್ಯಾಮಲ್ ಟೋಕನ್ ಬರೆದು ಕ್ಲೌಡ್ ಮೇಲ್‌ಗೆ ನುಗ್ಗಿದರು. ಕೀ ಇದ್ದ ಮೇಲೆ ಪಾಸ್‌ವರ್ಡೂ ಬೇಡ, ಎಂಎಫ್ಎಯೂ ಬೇಡ. ಸೈಬರ್‌ಆರ್ಕ್ ಕಂಪನಿ 2017ರಲ್ಲೇ ಇದಕ್ಕೆ ಗೋಲ್ಡನ್ ಸ್ಯಾಮಲ್ ಎಂದು ಹೆಸರಿಟ್ಟು ಎಚ್ಚರಿಸಿತ್ತು.

2023ರ ಘಟನೆ ಇನ್ನೂ ವಿಚಿತ್ರ. ಚೀನಾ ಮೂಲದ್ದೆಂದು ಹೇಳಲಾದ ಸ್ಟಾರ್ಮ್-0558 ಎಂಬ ಹ್ಯಾಕರ್ ಗುಂಪಿನ ಕೈಗೆ ಮೈಕ್ರೋಸಾಫ್ಟ್‌ನ ಒಂದು ಕೀ ಸಿಕ್ಕಿತ್ತು. ಅದು ಔಟ್‌ಲುಕ್.ಕಾಮ್‌ನಂಥ ಜನಸಾಮಾನ್ಯರ ಖಾತೆಗಳಿಗೆ ಸಹಿ ಹಾಕುವ ಕೀ. ಕಂಪನಿಗಳ ಮೇಲ್ ತೆರೆಯಲು ಅದು ಕೆಲಸಕ್ಕೆ ಬರಬಾರದು. ಆದರೆ ಸಹಿ ಪರೀಕ್ಷಿಸುವ ಕಡೆ ‘ಈ ಕೀ ಯಾವ ಜಗತ್ತಿನದ್ದು’ ಎಂದು ನೋಡುವ ಹೆಜ್ಜೆ ಬಿಟ್ಟುಹೋಗಿತ್ತು. ಅಮೆರಿಕದ ವಿದೇಶಾಂಗ ಇಲಾಖೆಯೂ ಸೇರಿ ಸುಮಾರು 25 ಸಂಸ್ಥೆಗಳ ಇಮೇಲ್ ಸೋರಿತು. ಮೊದಲು ಅನುಮಾನ ಬಂದದ್ದು ಮೈಕ್ರೋಸಾಫ್ಟ್‌ಗಲ್ಲ. ಲಾಗ್‌ಗಳನ್ನು ಗಮನಿಸುತ್ತಿದ್ದ ಆ ಇಲಾಖೆಯವರಿಗೆ.

2025ರ ಜುಲೈನಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕ ಡಿರ್ಕ್-ಯಾನ್ ಮೊಲ್ಲೆಮಾ ಕಂಡುಹಿಡಿದದ್ದು ನೇರವಾಗಿ ಟೆನೆಂಟ್ ಗೋಡೆಗೇ ಸಂಬಂಧಿಸಿದ್ದು. ಮೈಕ್ರೋಸಾಫ್ಟ್‌ನ ಸೇವೆಗಳು ತಮ್ಮೊಳಗೆ ಮಾತಾಡಿಕೊಳ್ಳಲು ಆಗ ಆ್ಯಕ್ಟರ್ ಟೋಕನ್ ಎಂಬುದನ್ನು ಬಳಸುತ್ತಿದ್ದವು. ಡೈರೆಕ್ಟರಿಯ ಮಾಹಿತಿಯನ್ನು ಪ್ರೋಗ್ರಾಂಗಳಿಗೆ ಕೊಡುವ ಹಳೆಯ ಅಜ್ಯೂರ್ ಎಡಿ ಗ್ರಾಫ್ ಎಪಿಐ ಈ ಟೋಕನ್ ಪಡೆದಾಗ ಅದು ಯಾವ ಟೆನೆಂಟ್‌ನಿಂದ ಹುಟ್ಟಿದ್ದು ಎಂದು ಸರಿಯಾಗಿ ನೋಡುತ್ತಿರಲಿಲ್ಲ. ಹೀಗಾಗಿ ತನ್ನ ಪ್ರಯೋಗದ ಟೆನೆಂಟ್‌ನಿಂದ ಪಡೆದ ಟೋಕನ್ ಹಿಡಿದು ಜಗತ್ತಿನ ಬೇರೆ ಟೆನೆಂಟ್‌ಗಳಲ್ಲಿ ಎಲ್ಲ ಅಧಿಕಾರವಿರುವ ಗ್ಲೋಬಲ್ ಅಡ್ಮಿನ್ ಆಗಿ ನಟಿಸಲು ಸಾಧ್ಯವಿತ್ತು. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಸರಿಪಡಿಸಿತು, ದುರ್ಬಳಕೆ ಆದ ಕುರುಹು ಕಾಣಲಿಲ್ಲ ಎಂದಿತು. ಮೊಲ್ಲೆಮಾ ಹೇಳಿದ ಒಂದು ವಿವರ ನಮ್ಮ ವಿಷಯಕ್ಕೆ ಹತ್ತಿರದ್ದು. ಒಂದು ಟೆನೆಂಟ್‌ನ ಗೆಸ್ಟ್ ಪಟ್ಟಿಯಲ್ಲಿ ಆ ಗೆಸ್ಟ್‌ಗಳ ಮೂಲ ಟೆನೆಂಟ್‌ನ ಗುರುತೂ ಇರುತ್ತದೆ. ಹಾಗಾಗಿ ಒಂದರಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರಿಕೊಂಡು ಹೋಗಲು ಗೆಸ್ಟ್‌ಗಳೇ ದಾರಿಯಾಗಬಹುದಿತ್ತು.

ದೈತ್ಯ ಕಂಪನಿಯೇ ಎಡವಿದ ಮೇಲೆ ನಾವೇನು ಮಾಡಲು ಸಾಧ್ಯ ಎನಿಸಬಹುದು. ನಮ್ಮ ಕೈಯಲ್ಲಿರುವ ತಪ್ಪುಗಳೂ ಬೇಕಾದಷ್ಟಿವೆ. ಆ್ಯಪ್ ರಿಜಿಸ್ಟರ್ ಮಾಡುವಾಗ ‘ನಮ್ಮ ಟೆನೆಂಟ್ ಮಾತ್ರ’ ಎನ್ನುವ ಬದಲು ‘ಎಲ್ಲ ಟೆನೆಂಟ್’ ಎಂದು ಆರಿಸಿಬಿಟ್ಟರೆ, ಯಾವ ಟೆನೆಂಟ್‌ನವರಿಗೆ ಪ್ರವೇಶ ಎಂದು ನೋಡುವ ಹೊಣೆ ಆ್ಯಪ್‌ನ ಕೋಡ್ ಮೇಲೆ ಬೀಳುತ್ತದೆ. ಕೋಡ್ ನೋಡದಿದ್ದರೆ ಎಲ್ಲರಿಗೂ ಪ್ರವೇಶ. 2023ರಲ್ಲಿ ವಿಜ್ ಎಂಬ ಭದ್ರತಾ ಕಂಪನಿಯ ಸಂಶೋಧಕರು ಮೈಕ್ರೋಸಾಫ್ಟ್‌ನ ಸರ್ಚ್ ಎಂಜಿನ್ ಬಿಂಗ್‌ನ ಒಂದು ಒಳಗಿನ ಆ್ಯಪ್‌ಗೆ ಹೀಗೇ ಸಾಮಾನ್ಯ ಖಾತೆಯಿಂದ ಹೋಗಿ, ಹುಡುಕಾಟದ ಫಲಿತಾಂಶವನ್ನೇ ಬದಲಿಸಿ ತೋರಿಸಿದ್ದರು.

ಹೋದವರು ನಿಜವಾಗಿ ಹೋದರಾ?

ಫೆಡರೇಶನ್ ಪರವಾಗಿ ಹೇಳುವ ದೊಡ್ಡ ಮಾತು ಇದು: ನೌಕರ ಕೆಲಸ ಬಿಟ್ಟ ದಿನ ಅವನ ಕಂಪನಿ ಖಾತೆ ಮುಚ್ಚಿದರೆ ಎಲ್ಲ ಕ್ಲೈಂಟ್‌ಗಳಲ್ಲೂ ಅವನಿಗೆ ಬಾಗಿಲು ಮುಚ್ಚುತ್ತದೆ. ಬಹುಪಾಲು ಸರಿ. ಬೇರೆ ಐಡಿ ಕೊಟ್ಟಿದ್ದರೆ ಕ್ಲೈಂಟ್‌ಗೆ ಯಾರಾದರೂ ಹೇಳುವವರೆಗೆ ಅದು ತೆರೆದೇ ಇರುತ್ತಿತ್ತು.

ಆದರೆ ಮುಚ್ಚುವುದು ಹೊಸ ಲಾಗಿನ್‌ಗೆ. ಆಗಲೇ ಕೊಟ್ಟ ಟೋಕನ್ ಅದರ ಅವಧಿ ಮುಗಿಯುವವರೆಗೆ ಓಡಬಹುದು. ಎಂಟ್ರಾದಲ್ಲಿ ಸಾಮಾನ್ಯ ಆಕ್ಸೆಸ್ ಟೋಕನ್ 60ರಿಂದ 90 ನಿಮಿಷ. ಅದನ್ನು ನವೀಕರಿಸುವ ರಿಫ್ರೆಶ್ ಟೋಕನ್ ಹೆಚ್ಚಿನ ಕಡೆ 90 ದಿನ. ಕ್ಲೈಂಟ್ ಟೆನೆಂಟ್ ತನ್ನ ಹೆಸರಿನಲ್ಲಿ ಕೊಟ್ಟ ಟೋಕನ್‌ಗೆ ನಿಮ್ಮ ಕಂಪನಿಯಲ್ಲಿ ನಡೆದ ರಾಜೀನಾಮೆ ತಿಳಿಯುವುದಿಲ್ಲ. ಆದ್ದರಿಂದ ಗೆಸ್ಟ್‌ಗಳು ಎಷ್ಟು ಗಂಟೆಗೊಮ್ಮೆ ಮತ್ತೆ ಲಾಗಿನ್ ಆಗಬೇಕು ಎಂಬುದನ್ನು ಕ್ಲೈಂಟ್ ತಾನೇ ಬಿಗಿಯಾಗಿ ಇಟ್ಟುಕೊಳ್ಳಬೇಕು. ದಿನಕ್ಕೊಮ್ಮೆ ಎಂದರೆ ಗೆಸ್ಟ್‌ಗಳು ಗೊಣಗುತ್ತಾರೆ, ಗೊಣಗಲಿ.

ಇನ್ನೊಂದು ಗುಂಪು ಜಾಸ್ತಿ ಅಪಾಯದ್ದು. ಎಂಟ್ರಾ ಇಲ್ಲದ ಸಣ್ಣ ವೆಂಡರ್‌ಗಳು, ಫ್ರೀಲಾನ್ಸರ್‌ಗಳು. ಅವರಿಗೆ ಇಮೇಲ್‌ಗೆ ಕಳಿಸಿದ ಒಟಿಪಿಯೇ ಲಾಗಿನ್. ಇಲ್ಲಿ ಹಿಂದೆ ನಿಂತು ‘ಇವರು ಈಗ ನಮ್ಮಲ್ಲಿಲ್ಲ’ ಎನ್ನಲು ಯಾವ ಐಡಿಪಿಯೂ ಇಲ್ಲ. ಮೇಲ್‌ಬಾಕ್ಸ್ ಇರುವವರೆಗೆ ಪ್ರವೇಶ ಇದೆ, ಪ್ರಾಜೆಕ್ಟ್ ಮುಗಿದು ಎರಡು ವರ್ಷವಾದರೂ.

ಇದಕ್ಕೆ ಇರುವ ಮದ್ದು ತೀರ ಸಪ್ಪೆಯಾದದ್ದು. ಪ್ರತಿ ಗೆಸ್ಟ್‌ಗೂ ಒಳಗಿನ ಒಬ್ಬ ಹೊಣೆಗಾರನ ಹೆಸರು ಬರೆದಿಡುವುದು, ಮೂರು ತಿಂಗಳಿಗೊಮ್ಮೆ ಅವರನ್ನು ‘ಇವರು ಇನ್ನೂ ಬೇಕಾ?’ ಎಂದು ಕೇಳುವುದು. ಎಂಟ್ರಾದಲ್ಲಿ ಆಕ್ಸೆಸ್ ರಿವ್ಯೂ ಇದನ್ನು ಮಾಡುತ್ತದೆ. ಅದರಲ್ಲಿ ಉತ್ತರ ಬಾರದಿದ್ದರೆ ಏನು ಮಾಡಬೇಕು ಎಂದು ಆರಿಸುವ ಒಂದು ಸಾಲಿದೆ. ‘ಪ್ರವೇಶ ತೆಗೆದುಹಾಕು’ ಎಂದು ಇಡಿ. ‘ಇದ್ದ ಹಾಗೇ ಇರಲಿ’ ಎಂದು ಇಟ್ಟರೆ ಆ ಮೇಲ್ ಯಾರೂ ತೆರೆಯುವುದಿಲ್ಲ, ಗೆಸ್ಟ್ ಪಟ್ಟಿ ಉದ್ದವಾಗುತ್ತಲೇ ಹೋಗುತ್ತದೆ.